ಗೋಲ್‌ಕೀಪರನ ತೋರುಬೆರಳು

ಇಟಲಿ ದೇಶದ ಒಂದೂರಲ್ಲಿ ಒಬ್ಬ ಗೋಲ್‌ಕೀಪರ್ ಇದ್ದ. ಫುಟ್‌ಬಾಲಿನಲ್ಲಿ ಬಲೆಯ ಮುಂದೆ ನಿಂತು ಚೆಂಡು ತಡೀತಾನಲ್ಲ, ಅವನು. ಸೋಮಲಿಂಗಾ, ಮೈಕು ಮತ್ತೆ ಕಟ್ ಆಗ್ತಿದೆ, ಏನಪ್ಪಾ ನಿನ್ನ ಕೆಲಸ? ಹಾಂ, ಕೇಳಿ.

ಹದಿನೆಂಟನೇ ವಯಸ್ಸಿಗೆ ಮೊದಲ ಪಂದ್ಯ. ಒಂದು ಗೋಲು ಬಿಟ್ಟ. ತಾನೇ ಹೋಗಿ ಬಲೆಯಿಂದ ಚೆಂಡು ತೆಗೆದು, 'ನನ್ನಿಂದ ಆಯ್ತು' ಅಂದ. ಎಷ್ಟು ಚೆಂದ, ನೋಡಿ. ಆಮೇಲೆ ಹೆಸರು ಬಂತು. ಊರ ಗೋಡೆ ಮೇಲೆಲ್ಲ ಅವನದೇ ಚಿತ್ರ. ಹೆಸರು ಬಂದವನಿಗೆ ತಪ್ಪು ಒಪ್ಪೋಕೆ ನಾಲಿಗೆ ಏಳುತ್ತಾ? ಗೋಲು ಆಯ್ತೋ, ಕೈ ಎತ್ತಿ ತನ್ನ ಮುಂದೆ ಕಾವಲಿಗೆ ನಿಂತ ಆಟಗಾರನ ಕಡೆ ಬೆರಳು ತೋರಿಸೋನು. 'ನೀನೇ ಬಿಟ್ಟೆ.' ಆ ಪಾಪದವನು ತಲೆ ತಗ್ಗಿಸೋನು. ಹದಿನೈದು ವರ್ಷ. ಅದೇ ಬೆರಳು, ಅದೇ ತಲೆ.

ನಿವೃತ್ತಿಗೆ ಮುಂಚಿನ ಕೊನೇ ಪಂದ್ಯ ಬಂತು. ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತೆ. ಮುಗಿಯೋಕೆ ಎರಡೇ ನಿಮಿಷ. ದೂರದಿಂದ ಚೆಂಡು ಉರುಳಿಕೊಂಡು ಬಂತು, ಮಗು ಒದ್ದ ಹಾಗೆ. ಬಗ್ಗಿದ. ಚೆಂಡು ಕೈಗೆ ತಾಗಿ, ಕಾಲ ಸಂದಿಯಲ್ಲಿ ನುಸುಳಿ ಬಲೆಗೆ ಹೋಯ್ತು.

ಬೆಚ್ಚಿಬಿದ್ದ. ಗೋಲಿಗಲ್ಲ. ತನ್ನ ಕೈ ನೋಡಿಕೊಂಡ, ಅದು ಆಗಲೇ ಮೇಲೆದ್ದಿತ್ತು. ಬೆರಳು ಚಾಚಿತ್ತು. ಯಾರ ಕಡೆ? ಮುಂದೆ ಯಾರೂ ಇಲ್ಲ, ಬರೀ ಹುಲ್ಲು. ಇವನು ಎತ್ತಿದ್ದಲ್ಲ, ಅದೇ ಎದ್ದಿತ್ತು. ಈ ಕೈ ನನ್ನದೇನಾ ಅಂದುಕೊಂಡ.

ಅಷ್ಟರಲ್ಲಿ, ಗೋಲು ಹೊಡೆಯೋಕೆ ಅಂತ ಮೈದಾನದ ಆ ತುದಿಗೆ ಹೋಗಿದ್ದ ಅದೇ ಕಾವಲಿನ ಆಟಗಾರ ಓಡಿ ಬಂದ. ತಲೆ ತಗ್ಗಿಸಿ ಕೇಳಿದ, "ನಾನು ಎಲ್ಲಿ ನಿಲ್ಲಬೇಕಿತ್ತು ಅಣ್ಣ?"

ಅಣಕ ಅಲ್ಲ ಕಣ್ರೀ. ನಿಜವಾಗಿ ಕೇಳಿದ. ಹದಿನೈದು ವರ್ಷ ಕೇಳಿ ಕೇಳಿ, ಎಲ್ಲ ಗೋಲೂ ತನ್ನಿಂದಲೇ ಅಂತ ನಂಬಿಬಿಟ್ಟಿದ್ದ. ಗೋಲ್‌ಕೀಪರ್ ಬಾಯಿ ತೆರೆದ. ಮೊದಲ ಪಂದ್ಯದಲ್ಲಿ ಅಷ್ಟು ಸಲೀಸಾಗಿ ಬಂದ ಮಾತು ಈಗ ಬರಲಿಲ್ಲ. ಆ ಆಟಗಾರ ತಲೆ ತಗ್ಗಿಸಿಕೊಂಡೇ ವಾಪಸ್ ಹೋದ.

ಈಗ ನಿಮ್ಮ ಮನೆಗೆ ಬನ್ನಿ. ಹಾಲು ಉಕ್ಕಿತು, ಬೆರಳು ಯಾರ ಕಡೆ? ಬಸ್ಸು ತಪ್ಪಿತು, ಯಾರ ಕಡೆ? ಏನು ಕೆಟ್ಟರೂ ತಲೆ ತಗ್ಗಿಸೋರು ನಿಮ್ಮ ಮನೇಲೂ ಒಬ್ಬರಿದ್ದಾರೆ. ಯಾರು ಅಂತ ನಿಮಗೇ ಗೊತ್ತು. ನಾಳೆ ಬೆಳಿಗ್ಗೆ ಏನಾದರೂ ಕೆಟ್ಟಾಗ ಕೈ ಕೆಳಗೆ ಇರಲಿ. 'ನನ್ನಿಂದ ಆಯ್ತು' ಅನ್ನಿ. ಅವರಿಗೆ ಕೇಳೋ ಹಾಗೆ ಅನ್ನಿ.

ಸೋಮಲಿಂಗಾ, ತಲೆ ಎತ್ತಪ್ಪ. ಮೈಕಿನ ವೈರು ಇಷ್ಟೊತ್ತೂ ನನ್ನ ಕಾಲಡಿಯಲ್ಲೇ ಇತ್ತು. ನನ್ನಿಂದ ಆಯ್ತು.