ಎಪ್ಪತ್ತೆರಡು ಡಿಗ್ರಿಯಲ್ಲಿ ಸೀದುಹೋದ ಕೋಳಿ

ಹೆಸರು ಮುನಿಲಕ್ಷ್ಮಿ, ಗಂಡ ಅಮರನಾಥ್, 41 ವರ್ಷ, ಹೆದ್ದಾರಿ ಬದಿಯಲ್ಲಿ ಬಿರಿಯಾನಿ ಮತ್ತು ಹೊಗೆಕೋಳಿ ವ್ಯಾಪಾರ, ವಾಸ ನಂಗಲಿ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ. ಇದೇ 17ರಂದು ನಾನೇ ಕೊಟ್ಟ ದೂರಿನ ವಿಷಯವಾಗಿ, ಯಾರೂ ಕರೆಯದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಂಗಡಿಯ ಹಿಂದೆ, ಅಡುಗೆಮನೆ ಬಾಗಿಲಿನಿಂದ 14 ಅಡಿ ದೂರದಲ್ಲಿ, ಕೋಳಿಯನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಕಬ್ಬಿಣದ ಡ್ರಮ್ ಇದೆ. ತಳದಲ್ಲಿ ಇದ್ದಿಲು, ಅದರ ಮೇಲೆ ನೀರಿನ ತಟ್ಟೆ, ಅದರ ಮೇಲೆ ಜಾಲರಿ. ಭಾನುವಾರ ಮಾತ್ರ ಹಚ್ಚುತ್ತೇನೆ. ನನ್ನ ಚಿಕ್ಕಪ್ಪನ ಮಗ ಶ್ರೀಧರ್, 27 ವರ್ಷ, ಜೂನ್ ತಿಂಗಳಲ್ಲಿ ಇದಕ್ಕೆ ವೈರ್‌ಲೆಸ್ ಟೆಂಪರೇಚರ್ ಕಂಟ್ರೋಲರ್ ಹಾಕಿಕೊಟ್ಟಿದ್ದನು. ಅದಕ್ಕೆ ಎರಡು ಸೂಜಿಗಳಿವೆ. ಜಾಲರಿಗೆ ಸಿಕ್ಕಿಸುವ ಸೂಜಿ ಡ್ರಮ್ಮಿನ ಶಾಖ ಹೇಳುತ್ತದೆ, ಇನ್ನೊಂದನ್ನು ಕೋಳಿಗೆ ಚುಚ್ಚಬೇಕು. ಡ್ರಮ್ಮಿನ ಶಾಖ 110 ಡಿಗ್ರಿಗಿಂತ ಇಳಿದರೆ ಪುಟ್ಟ ಫ್ಯಾನ್ ತಾನಾಗಿ ತಿರುಗಿ ಕೆಂಡಕ್ಕೆ ಗಾಳಿ ಕೊಡುತ್ತದೆ. ಎಲ್ಲವೂ ನನ್ನ ಫೋನಿನಲ್ಲೂ ಶ್ರೀಧರನ ಫೋನಿನಲ್ಲೂ ಕಾಣುತ್ತದೆ. ಅಕ್ಟೋಬರ್ ಮುಗಿಯುವವರೆಗೆ ಒಂದು ಭಾನುವಾರವೂ ಕೈಕೊಟ್ಟಿರಲಿಲ್ಲ.

ದಿನಾಂಕ 02-11-2025ರಂದು ಅವನು ವೇಮಗಲ್‌ನ ಕಾರ್ಖಾನೆಯಲ್ಲಿ ಕುಳಿತುಕೊಂಡೇ, ನನಗೆ ಹೇಳದೆ, ಫೋನಿನಿಂದ ಶಾಖ ಬದಲಿಸಿದನು. ಗಿರಾಕಿಗಳ ಮುಂದೆಯೇ ಅವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆನು. ನನಗೆ ಮೂಗಿನ ತುದಿಯಲ್ಲೇ ಕೋಪ, ಊರಿಗೆಲ್ಲ ಗೊತ್ತು. ಇನ್ನು ನಿನ್ನ ಡ್ರಮ್ಮಿನ ತಂಟೆಗೇ ಬರುವುದಿಲ್ಲವೆಂದು ಹೇಳಿ ಅವನು ಫೋನಿಟ್ಟನು.

ದಿನಾಂಕ 09ರ ಭಾನುವಾರ ಬೆಳಿಗ್ಗೆ 9 ಗಂಟೆಗೆ 12 ಕೋಳಿ ಇಟ್ಟು, ಮುಚ್ಚಳ ಹಾಕಿ ಸ್ನಾನಕ್ಕೆ ಹೋದೆನು. 9-25ಕ್ಕೆ ಬಂದು ನೋಡಲಾಗಿ ಫೋನಿನಲ್ಲಿ 72 ಡಿಗ್ರಿ ಇತ್ತು. ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿದ್ದರೂ 72 ಮೇಲೇಳಲಿಲ್ಲ. ಕೆಂಡ ಸಾಲದೆಂದು 10-40ಕ್ಕೆ ತಳದ ಬಾಗಿಲಿನಿಂದ ನಾನೇ ಇನ್ನೆರಡು ಕೆಜಿ ಇದ್ದಿಲು ತುಂಬಿದೆನು. 11-50ಕ್ಕೆ 72 ಇದ್ದದ್ದು ಐದೇ ನಿಮಿಷದಲ್ಲಿ 240 ಆಯಿತು. ಮುಚ್ಚಳ ತೆಗೆದಾಗ ಕೋಳಿ ಯಾವುದು, ಇದ್ದಿಲು ಯಾವುದು ತಿಳಿಯುವಂತಿರಲಿಲ್ಲ. ದಿನಾಂಕ 16ರ ಭಾನುವಾರವೂ ಹೀಗೇ ಆಯಿತು. ಅಂದು ಒಂದು ನಾಮಕರಣದ ಊಟ ಒಪ್ಪಿಕೊಂಡಿದ್ದೆನು. ಬಂದವರು ಅನ್ನ ಸಾರು ಉಂಡು ಎದ್ದುಹೋದರು. ನಾನು ಅಡುಗೆಮನೆಯಲ್ಲಿ ಕುಳಿತು ಅತ್ತೆನು.

ಮರುದಿನ ಬೆಳಿಗ್ಗೆ 10-15ಕ್ಕೆ ಠಾಣೆಗೆ ಬಂದು, ಶ್ರೀಧರನು ಹಗೆಯಿಂದ ಬೇಕೆಂದೇ ಹೀಗೆ ಮಾಡಿದ್ದಾನೆಂದು ದೂರು ಬರೆದುಕೊಟ್ಟೆನು. ಬೇಕೆಂದೇ ಎಂಬುದನ್ನು ಯಾರೂ ಹೇಳಿಕೊಡಲಿಲ್ಲ, ಅದು ನನ್ನದೇ ಮಾತು. ಸಂಜೆ ಸಬ್ ಇನ್ಸ್‌ಪೆಕ್ಟರ್ ಮೇಘನ ಮೇಡಂ ಇಬ್ಬರನ್ನೂ ಕರೆಸಿದರು. ಶ್ರೀಧರನ ಕೆಲಸ ಖಾಯಂ ಆಗುವುದಿದೆ, ಅದಕ್ಕೆ ಬೇಕಾದ ಪೊಲೀಸ್ ವರದಿ 21ರಂದು ಹೋಗಬೇಕು, ದೂರು ಇದ್ದರೆ ಇದೆ ಎಂದೇ ಬರೆಯಬೇಕಾಗುತ್ತದೆ ಎಂದು ತಿಳಿಸಿದರು. ನನಗೆ ಈ ವಿಷಯ ಗೊತ್ತಿರಲಿಲ್ಲ. ಮೂರು ವರ್ಷದಿಂದ ಅವನು ಆ ಕೆಲಸಕ್ಕಾಗಿ ಕಾಯುತ್ತಿದ್ದದ್ದು ಮಾತ್ರ ಗೊತ್ತಿತ್ತು. ಅವನು ವಾದ ಮಾಡಲಿಲ್ಲ. ಪೊಲೀಸರ ಎದುರಿಗೇ ಡ್ರಮ್ಮನ್ನು ಒಮ್ಮೆ ಪರೀಕ್ಷೆ ಮಾಡಲು ಬಿಡಿ ಎಂದಷ್ಟೇ ಕೇಳಿಕೊಂಡನು.

ಅದರಂತೆ ಈ ದಿನ ದಿನಾಂಕ 19ರಂದು ಬೆಳಿಗ್ಗೆ 8 ಗಂಟೆಗೆ ಪೇದೆ ಚಂದ್ರು ಅವರ ಸಮಕ್ಷಮದಲ್ಲಿ ಪರೀಕ್ಷೆ ನಡೆಯಿತು. ಐಸ್ ನೀರಿನಲ್ಲಿ ಎರಡೂ ಸೂಜಿಗಳು 0 ತೋರಿಸಿದವು. ಕುದಿಯುವ ನೀರಿನಲ್ಲಿ 97 ತೋರಿಸಲಾಗಿ, ನೋಡಿ ಸಾರ್, ನೂರು ಬರ್ಬೇಕಲ್ವಾ ಎಂದು ನಾನು ಎಗರಾಡಿದೆನು. ನಮ್ಮೂರು ಎತ್ತರದಲ್ಲಿದೆ ಕಣಕ್ಕ, ಇಲ್ಲಿ ನೀರು ಕುದಿಯೋದೇ ಅಷ್ಟಕ್ಕೆ ಎಂದು ಶ್ರೀಧರನು ಹೇಳಿದನು. ಫ್ಯಾನ್, ವೈಫೈ, ಮುಚ್ಚಳದ ಸಂದು, ಯಾವುದರಲ್ಲೂ ದೋಷವಿರಲಿಲ್ಲ. ದಿನಾಂಕ 02ರ ನಂತರ ಅವನ ಫೋನಿನಿಂದ ಏನೂ ಬದಲಾಗಿಲ್ಲವೆಂದು ಚಂದ್ರು ಅವರೇ ನೋಡಿ ಹೇಳಿದರು. 9 ಗಂಟೆಗೆ ಎರಡು ಕೋಳಿ ಇಟ್ಟೆವು. 9-20ಕ್ಕೆ 110 ಡಿಗ್ರಿಯಲ್ಲಿ ನಿಂತಿದ್ದರಿಂದ ಮೂವರೂ ಟೀ ಕುಡಿಯಲು ಅಂಗಡಿಯ ಮುಂದಕ್ಕೆ ಬಂದೆವು. ಶ್ರೀಧರನ ಫೋನ್ ಚಂದ್ರು ಅವರ ಜೇಬಿನಲ್ಲಿತ್ತು. 9-32ಕ್ಕೆ ನನ್ನ ಫೋನಿನಲ್ಲಿ 72 ಆಯಿತು.

ಓಡಿಹೋಗಿ ನೋಡಲಾಗಿ ನನ್ನ ಮಾವ ಮುನಿನಾರಾಯಣಪ್ಪನವರು, 74 ವರ್ಷ, ಟವೆಲ್ಲಿನಲ್ಲಿ ಮುಚ್ಚಳ ಹಿಡಿದು ಡ್ರಮ್ಮಿನೊಳಕ್ಕೆ ಬಗ್ಗಿದ್ದರು. ಜಾಲರಿಯ ಸೂಜಿಗೆ ಒದ್ದೆ ಬಟ್ಟೆ ಸುತ್ತಿ, ಅದರ ತುದಿಯನ್ನು ನೀರಿನ ತಟ್ಟೆಗೆ ಇಳಿಬಿಟ್ಟಿದ್ದರು. ನನ್ನನ್ನು ಕಂಡು, ಏಮ್ಮಾ, ಪ್ರತಿ ಸಾರಿನೂ ಮರ್ತೋಯ್ತೀಯಲ್ಲ, ಎರಡ್ರಲ್ಲಿ ಒಂದಕ್ಕಾದ್ರೂ ಬಟ್ಟೆ ಬೇಡ್ವಾ ಎಂದು ಗದರಿದರು.

ವಿಚಾರಿಸಲಾಗಿ, ತಾವು ನಲವತ್ತು ವರ್ಷ ರೇಷ್ಮೆಹುಳು ಸಾಕಿದವರು, ಹುಳುಮನೆಯಲ್ಲಿ ಎರಡು ಥರ್ಮಾಮೀಟರ್ ಇದ್ದರೆ ತೇವ ತಿಳಿಯಲು ಒಂದಕ್ಕೆ ಸದಾ ಒದ್ದೆ ಬಟ್ಟೆ ಇರಲೇಬೇಕು ಎಂದರು. ಮಳೆಗಾಲವೆಲ್ಲ ರಾಯಲ್ಪಾಡಿನ ಮಗಳ ಮನೆಯಲ್ಲಿದ್ದು ದಿನಾಂಕ 07ರಂದು ಬಂದವರು, ಎರಡೂ ಸೂಜಿ ಬರಿದಾಗಿರುವುದನ್ನು ನೋಡಿ, ಸೊಸೆಗೆ ನಾಲ್ಕು ಜನರ ಮುಂದೆ ಅವಮಾನವಾಗಬಾರದೆಂದು ಸದ್ದಿಲ್ಲದೆ ತಾವೇ ಸರಿಮಾಡುತ್ತಿದ್ದರಂತೆ. ಬಟ್ಟೆಯ ತಂಪನ್ನು ನಂಬಿ ಫ್ಯಾನ್ ಬೀಸುತ್ತಿತ್ತು, ತಟ್ಟೆ ಬತ್ತಿದ ಮೇಲೆ ಬಟ್ಟೆಯೂ ಸುಟ್ಟು ಬೂದಿಯಾಗುತ್ತಿತ್ತು ಎಂದು ಶ್ರೀಧರನು ಬಿಡಿಸಿ ಹೇಳಿದನು. ಹೇಳುತ್ತಲೇ ಅವನಿಗೆ ನಗು ಬಂತು. ಚಂದ್ರು ಅವರು ನಕ್ಕು ನಕ್ಕು ಕಟ್ಟೆಯ ಮೇಲೆ ಕುಳಿತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಟ್ಟೆ ತೆಗೆದ ಮೇಲೆ 110ಕ್ಕೆ ಬಂದು ನಿಂತು, 12-20ಕ್ಕೆ ಎರಡೂ ಕೋಳಿ ಚೆನ್ನಾಗಿ ಬೆಂದವು.

ಮಾವನವರೂ ನನ್ನ ಜೊತೆ ಠಾಣೆಗೆ ಬಂದು, ಕೇಸ್ ಹಾಕೋದಾದ್ರೆ ನನ್ ಮೇಲೆ ಹಾಕ್ರಮ್ಮ, ಹುಡುಗನ್ನ ಬಿಟ್ಬಿಡಿ ಎಂದು ಕೇಳಿಕೊಂಡರು. ಒದ್ದೆ ಬಟ್ಟೆಗೆ ಯಾವ ಸೆಕ್ಷನ್ನೂ ಇಲ್ಲ ತಾತ ಎಂದು ಮೇಡಂ ಹೇಳಿದರು. ನಾನು ನನ್ನ ದೂರನ್ನು ವಾಪಸ್ಸು ಪಡೆದಿರುತ್ತೇನೆ. ಶ್ರೀಧರನ ವರದಿ ಕಳಂಕವಿಲ್ಲದೆ ಇವತ್ತೇ ಹೋಗುತ್ತದೆಂದು ಮೇಡಂ ತಿಳಿಸಿರುತ್ತಾರೆ. ಅವನು ಹೊರಗೆ ಬೆಂಚಿನ ಮೇಲಿದ್ದನು.

ಇಷ್ಟಕ್ಕೆ ಹೇಳಿಕೆ ಮುಗಿಯಿತೆಂದು ರೈಟರ್ ವೆಂಕಟ್ ಅವರು ಹೇಳಿದರು. ಇನ್ನೊಂದು ಸಾಲು ಬರೆದುಕೊಳ್ಳಿ ಎಂದೆನು. ಅಂಥದ್ದೆಲ್ಲ ಹೇಳಿಕೆಯಲ್ಲಿ ಬರುವುದಿಲ್ಲಮ್ಮ ಎಂದರು. ಬರೆಯುವವರೆಗೂ ಎದ್ದುಹೋಗುವುದಿಲ್ಲವೆಂದು ಬಾಗಿಲಾಚೆಗೆ ಕೇಳುವಂತೆ ಜೋರಾಗಿ ಹೇಳಿದ್ದರಿಂದ ಬರೆದುಕೊಂಡಿರುತ್ತಾರೆ: ಶ್ರೀಧರನು ನನಗೆ ಯಾವತ್ತೂ ಕೇಡು ಬಯಸಿದವನಲ್ಲ, ನನ್ನ ತಮ್ಮನನ್ನು ಅನುಮಾನಿಸಿದ ತಪ್ಪು ನನ್ನೊಬ್ಬಳದು.

ಓದಿ ಹೇಳಿದ್ದನ್ನು ಕೇಳಿದೆನು. ನಾನು ಹೇಳಿದ್ದೇ ಇದರಲ್ಲಿದೆ, ಹೇಳಿದ್ದೆಲ್ಲವೂ ನಿಜ.

ಸ್ಥಳ: ನಂಗಲಿ
ದಿನಾಂಕ: 19-11-2025, ಮಧ್ಯಾಹ್ನ 3-10
ಸಹಿ: ಮುನಿಲಕ್ಷ್ಮಿ