ಎರಡು ತಾರೀಕಿನ ರಾಗಿ

ಅಯ್ಯೋ ಇಲ್ಲ ಕಣವ್ವ ಮಾನಸ, ಅಂಗೇನಿಲ್ಲ... ಅಪ್ಪ ಆಗಿ ನಿಂಗೆ ಸುಳ್ಳು ಹೇಳ್ತೀನಾ? ನಿನ್ನ ಡಿಗ್ರಿ ಈ ಆರು ಮಡಿ ಮೇಲೇ ನಿಂತದೆ ಅಂತ ನಂಗೊತ್ತಿಲ್ವಾ? ನೀನು ಬರ್ಕೊಟ್ಟಂಗೇ ಬಿತ್ತಿವ್ನಿ. ಈ ಕಡೆ ಮೂರು ಮಡಿ ಪುಷ್ಯ ಮಳೇಲಿ, ಆ ಕಡೆ ಮೂರು ಮಡಿ ಒಂದ್ ತಿಂಗ್ಳು ಬುಟ್ಟು. ಮೂರು ತಳೀನೂ ಎರಡ್ ಕಡೇಲೂ ಅವೆ. ಚೀಟಿ ನೆಟ್ಟಿಲ್ವಾ, ನೋಡು.

ಎಲ್ಲಾ ಒಂದೇ ಸಲ ಮಾಗವೆ ಅಂದ್ರೆ ನಾನೇನ್ ಮಾಡ್ಲಿ? ಭೂಮಿ ಒಳ್ಳೇದು. ಆ ಕಡೆ ಗೊಬ್ಬರ ಒಂದು ಮಂಕ್ರಿ ಜಾಸ್ತಿ ಬಿದ್ದಿರ್ಬೇಕು... ಹ್ಞಾ, ಸಮ ಹಾಕು ಅಂತ ನೀನಂದಿದ್ದೆ, ಗೊತ್ತು. ಸಮನೇ ಹಾಕಿದ್ದು. ವಯಸ್ಸಾಯ್ತು ಕಣವ್ವ, ತಲೆ ನಿಲ್ಲಲ್ಲ. ಯಾಕಂಗೆ ನೋಡ್ತೀಯ?

ಕೂತ್ಕೊ. ಪ್ಯಾಟೆಯಿಂದ ಶೀಳನೆರೆಗಂಟ ಬಸ್ಸಲ್ಲಿ ನಿಂತ್ಕಂಡೇ ಬಂದಿದ್ದೀಯ. ನೀರ್ ಕುಡಿ. ಬ್ಯಾಡ್ವಾ? ಸರಿ ಬುಡು.

ತೆನೆ ಉಜ್ಜಿ ನೋಡ್ತಿದ್ದೀಯಲ್ಲ, ಒಂದಾದ್ರೂ ಜೊಳ್ಳು ಸಿಕ್ತಾ? ಇಲ್ಲ ತಾನೆ! ಊರೋರೆಲ್ಲಾ ಬಂದು ನೋಡ್ಕಂಡೋಗವ್ರೆ. ಮರಿಸ್ವಾಮಿ ಮಗ್ಳು ಓದಿದ್ದು ಸಾರ್ಥಕ ಆಯ್ತು ಅಂತ ಆ ಕುಳ್ಳಯ್ಯನ ಬಾಯಲ್ಲೇ ಬಂತು... ನಗಲ್ವಾ? ಕುಳ್ಳಯ್ಯ ಇಲ್ಲೀಗಂಟ ಯಾರನ್ನ ಹೊಗಳವ್ನೆ ಹೇಳು?

ಮಾತಾಡವ್ವ. ಬೈಯಿ ಬೇಕಾದ್ರೆ. ನಿಮ್ಮವ್ವನ ಥರ ಸುಮ್ಕಿರ್ಬೇಡ, ಅದೊಂದು ನಂಗೆ ತಡಿಯಕ್ಕಾಗಲ್ಲ.

...ಆಯ್ತು. ಕೇಳು. ಪುಷ್ಯ ಚೆನ್ನಾಗಿ ಉಯ್ದಿತ್ತು. ಮುಯ್ಯಾಳು ಬಂದಿದ್ರು, ಮುಂಚಿನ ದಿನ ಅವ್ರ ಹೊಲಕ್ಕೆ ನಾನೋಗಿದ್ದೆ, ಅವತ್ತು ನಮ್ಮ ಹೊಲಕ್ಕೆ ಅವ್ರು. ಬಿತ್ತೋಕೆ ಕೂರಿಗೆ ಕಟ್ಟಿ ಆಗಿತ್ತು. ಅರ್ಧ ಬಿತ್ತಿ, ಇನ್ನರ್ಧ ಅಂಗೇ ಬುಡಿ ಅಂದೆ. ದ್ಯಾವಮ್ಮ ಸೆರಗು ಬಾಯಿಗಿಟ್ಕಂಡು ನಗಾಡ್ಬುಟ್ಲು. ಹದ ಇರೋವಾಗ ಬೀಜ ಕೈಲಿಟ್ಕಂಡು ಕೂತ್ಕತೀಯಲ್ಲಣ್ಣ, ಬುದ್ಧಿ ನೆಟ್ಟಗೈತಾ ಅಂದ್ಲು.

ತಡವಾದ್ರೆ ಜೊಳ್ಳಾಯ್ತದೆ, ನಂಗೊತ್ತು. ನಿಂಗೆ ಬೇಕಾಗಿದ್ದೂ ಅದೇ, ಯಾವ ತಳಿ ಎಷ್ಟು ಜೊಳ್ಳಾಯ್ತದೆ ಅಂತ ಅಳೆಯೋಕೆ. ಅದೂ ಗೊತ್ತು. ಆದ್ರೆ ಬೇಕು ಬೇಕು ಅಂತ ಜೊಳ್ಳು ಬೆಳೆಯೋದು ಎಂಗವ್ವ? ಕೈ ಬರ್ಲಿಲ್ಲ. ರಸ್ತೆ ಪಕ್ಕದ ಹೊಲ. ಓದಿರೋ ಮಗ್ಳ ಮಾತು ಕೇಳಿ ಮಣ್ಣು ಮುಕ್ದ ಅನ್ನಲ್ವಾ ಊರು? ನನ್ನ ಅಂದ್ರೆ ಅನ್ಲಿ. ನಿನ್ನ ಆಡ್ಕೊಂಡ್ರೆ ಸಂಕ್ಟ ಆಯ್ತದೆ ಕಣವ್ವ. ಆರೂ ಮಡೀನ ಒಂದೇ ದಿನ ಬಿತ್ತಿಸ್ಬುಟ್ಟೆ. ನೀನು ಫೋನ್ ಮಾಡಿ ಪೈರಿನ ಎತ್ತರ ಕೇಳ್ದಾಗೆಲ್ಲ ಆ ಕಡೇದು ಒಂದು ಗೇಣು ಕಮ್ಮಿ ಹೇಳ್ದೆ.

ಯಾಕೆದ್ದೆ? ಇನ್ನೊಂದ್ ವರ್ಸ ಮಾಡಾನ. ನೀನ್ ಹೇಳಿದ್ ದಿನವೇ ಬಿತ್ತೀನಿ, ನಗಾಡೋರು ನಗಾಡ್ಲಿ. ಡಿಗ್ರಿ ಒಂದ್ ವರ್ಸ ಮುಂದಕ್ಕೋದ್ರೆ... ಏನಾಯ್ತದೆ...

ಬ್ಯಾಗಿಂದ ಅದೇನ್ ತಗೀತಿದ್ದೀಯ? ಅಚ್ಚಾಕಿರೋದು... ನಿನ್ನ ಹೆಸ್ರೈತೆ. ಹೋದ್ ವರ್ಸದ ಬೆಳೇದಾ? ನೀನು ಟೈಫಾಯಿಡ್ ಆಗಿ ಹಾಸ್ಟೆಲಲ್ಲೇ ಮಲಗಿದ್ದಾಗ ನಾನು ಫೋನಲ್ಲಿ ತೂಕ ಹೇಳಿ ಬರೆಸಿದ್ನಲ್ಲ, ಅದಾ? ತಡವಾಗಿ ಬಿತ್ತಿದ್ರೂ ಈ ತಳಿ ಸೋಲಲ್ಲ... ಅಂತ ಬರ್ದಿದ್ದೀಯ. ಇದ್ನ ರೈತ್ರಿಗೆಲ್ಲಾ ಹಂಚವ್ರಾ? ಮಳೆ ತಡವಾಗೋ ನಾಗಮಂಗ್ಲದ ಕಡೇಗೂ?

ಅಂಗೆ ನೋಡ್ಬೇಡ ಕಣವ್ವ.

ಹೂಂ... ಅದೂ ಒಂದೇ ದಿನ ಬಿತ್ತಿದ್ದು.