ಬೇಕರಿ ಸ್ಟಾಪ್, ಇಳಿಯೋರು ಇಳ್ಕೊಳ್ಳಿ

ಸಭೆಯ ಅಧ್ಯಕ್ಷತೆ ವಹಿಸಿರುವ ನಗರಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಆರೋಗ್ಯಾಧಿಕಾರಿಗಳೇ, ಈ ಹೊಸ ಪ್ರಾಣಿ ಚಿಕಿತ್ಸಾಲಯದ ಹೊಣೆ ಹೊತ್ತಿರುವ ನಮ್ಮ ಡಾಕ್ಟರೇ, ವ್ಯಾನಿನ ಸಿಬ್ಬಂದಿಯವರೇ, ನನ್ನ ವಾರ್ಡಿನ ಸಭಿಕರೇ, ಮತ್ತು ಮೊದಲ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೈಕಟ್ಟಿ ಕುಳಿತು, ಈಕೆ ಎಲ್ಲಿ ತಪ್ಪುತ್ತಾಳೋ ನೋಡೋಣ ಎಂದು ಕಾಯುತ್ತಿರುವ ನಮ್ಮ ಅತ್ತೆಯವರೇ,

ವೇದಿಕೆಯ ಮೇಜಿನ ಕೆಳಗೆ ಇನ್ನೊಬ್ಬರಿದ್ದಾರೆ. ಅವರ ಹೆಸರು ಪಾಸು. ಎಲ್ಲಿಗೆ ಬೇಕಾದರೂ ಟಿಕೆಟ್ಟಿಲ್ಲದೆ ನುಗ್ಗುತ್ತಾರೆಂದು ಅತ್ತೆ ಇಟ್ಟ ಹೆಸರು. ಆಮಂತ್ರಣದಲ್ಲಿ ಅವರ ಹೆಸರು ಬಿಟ್ಟುಹೋಗಿದೆ, ಆದರೂ ದೊಡ್ಡ ಮನಸ್ಸು ಮಾಡಿ ಬಂದಿದ್ದಾರೆ. ಅಧ್ಯಕ್ಷರು ಕಾಲು ಎತ್ತಿಕೊಳ್ಳುವುದು ಬೇಡ. ಬೀದಿನಾಯಿಯಾದರೂ ಎಡಗಿವಿಯ ತುದಿ ಕತ್ತರಿಸಿದೆಯಲ್ಲ, ಶಸ್ತ್ರಚಿಕಿತ್ಸೆಯೂ ಚುಚ್ಚುಮದ್ದೂ ಆಗಿದೆ ಎಂಬುದಕ್ಕೆ ಅದೇ ಗುರುತು.

ವಾರ್ಡ್ ಕಚೇರಿಯ ಗುಮಾಸ್ತರು ನನಗೊಂದು ಭಾಷಣ ಬರೆದುಕೊಟ್ಟಿದ್ದಾರೆ. ‘ನನ್ನ ಅವಿರತ ಶ್ರಮದಿಂದ’ ಎಂಬ ಮಾತು ಅದರಲ್ಲಿ ಪುಟಕ್ಕೊಂದು ಸಲ ಬರುತ್ತದೆ. ಓದೋಣವೆಂದೇ ಬಂದೆ. ಆದರೆ ತಲೆ ಎತ್ತಿದರೆ ಎದುರಿಗೆ ಅತ್ತೆಯ ಮುಖ. ನೀವೇ ಹೇಳಿ, ಹೇಗೆ ಓದಲಿ?

ಚುನಾವಣೆ ಹತ್ತಿರ ಬಂತು. ಮೊನ್ನೆ ಊಟದ ಮೇಜಿನಲ್ಲಿ ಅತ್ತೆ ನೀರು ಕುಡಿದು ಲೋಟ ಕೆಳಗಿಟ್ಟು, “ಈ ಸಲ ನಮ್ಮ ವಾರ್ಡಿಗೆ ನಾನೇ ನಿಲ್ತೀನಿ” ಎಂದರು. ನಮ್ಮ ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು. ಅವರದು ಕನ್ನಡಕದ ಅಂಗಡಿ. ಮನೆಯಲ್ಲಿ ಯಾವುದಾದರೂ ಪಕ್ಷ ಹಿಡಿಯಬೇಕಾಗಿ ಬಂದಾಗಲೆಲ್ಲ ಅವರಿಗೆ ಒರೆಸಲು ಒಂದು ಕನ್ನಡಕ ಸಿಕ್ಕೇ ಸಿಗುತ್ತದೆ. ವಾರ್ಡಿನ ಸದಸ್ಯೆಯಾಗಿ ನಾನು ಕೂತಿರುವ ಕುರ್ಚಿಯನ್ನು ನಮ್ಮ ಮನೆಯವರೇ ಕೇಳಿದರೆ ಏನು ಹೇಳುವುದು? ಉತ್ತರವನ್ನು ಇವತ್ತು ಈ ಸಭೆಯಲ್ಲೇ ಹೇಳುತ್ತೇನೆ. ಅದಕ್ಕೆ ಮೊದಲು ನಾನು ಈ ಕುರ್ಚಿಗೆ ಬಂದ ಕಥೆ ಹೇಳಬೇಕು.

ಹೋದ ಚುನಾವಣೆಯಲ್ಲಿ ನಾನು ನಿಂತಾಗ ನನಗೆ ಮೈಕಿನ ಮುಂದೆ ಮಾತೇ ಹೊರಡುತ್ತಿರಲಿಲ್ಲ. ನಮ್ಮ ಅತ್ತೆ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ತಾವು ಬೀದಿ ಬಾಗಿಲಲ್ಲಿ ನಿಂತು, “ಮೈಕು ಕೆಟ್ಟೋದ್ರೂ ಹಿಂದಿನ ಸೀಟಿಗೆ ಕೇಳ್ಬೇಕು ಕಣಮ್ಮಾ, ಇನ್ನೊಂದ್ಸಲ ಹೇಳು” ಎನ್ನುತ್ತಿದ್ದರು. ಮಂಡಿನೋವಿದ್ದರೂ ನನ್ನ ಜೊತೆ ಒಂದೊಂದು ಮನೆಯ ಮೆಟ್ಟಿಲನ್ನೂ ಹತ್ತಿದರು. ಧೈರ್ಯ ಹೆಚ್ಚಾದದ್ದೇ ನಾನೊಂದು ಭರವಸೆ ಕೊಟ್ಟುಬಿಟ್ಟೆ. ನನ್ನನ್ನು ಗೆಲ್ಲಿಸಿ, ವಾರ್ಡಿನಲ್ಲಿ ಒಂದೇ ಒಂದು ಬೀದಿನಾಯಿ ಇರುವುದಿಲ್ಲ ಎಂದೆ. ನೀವು ಚಪ್ಪಾಳೆ ತಟ್ಟಿದಿರಿ. ತಟ್ಟದೆ ಇದ್ದವರು ಒಬ್ಬರೇ. ಅವರು ಅವತ್ತೂ ಮೊದಲ ಸಾಲಿನಲ್ಲೇ ಕುಳಿತಿದ್ದರು.

ಗೆದ್ದ ಮೇಲೆ ಡಾಕ್ಟರ ಹತ್ತಿರ ಹೋದೆ. ನಾಯಿಗಳನ್ನೆಲ್ಲ ಹಿಡಿದು ಎಲ್ಲಿಗಾದರೂ ಸಾಗಿಸಿ ಎಂದೆ. ಡಾಕ್ಟರು ಸಮಾಧಾನದಿಂದ, “ಮೇಡಂ, ಹಾಗೆ ಮಾಡೋಕೆ ಬರೋದಿಲ್ಲ. ಹಿಡೀಬೇಕು, ಆಪರೇಷನ್ ಮಾಡ್ಬೇಕು, ಚುಚ್ಚುಮದ್ದು ಹಾಕ್ಬೇಕು, ಆಮೇಲೆ ಹಿಡಿದಲ್ಲೇ ತಂದು ಬಿಡ್ಬೇಕು. ಇದು ನಿಯಮ” ಎಂದರು. ಬಿಡುವುದಾದರೆ ಹಿಡಿಯುವುದು ಯಾಕೆ? ಡಾಕ್ಟರು ಬಿಡಿಸಿ ಹೇಳಿದರು: ಇವನ್ನು ತೆಗೆದರೆ ಪಕ್ಕದ ವಾರ್ಡಿನವು ಬರುತ್ತವೆ, ಅವಕ್ಕೆ ಚುಚ್ಚುಮದ್ದೂ ಇರುವುದಿಲ್ಲ, ನಿಮ್ಮ ಪರಿಚಯವೂ ಇರುವುದಿಲ್ಲ. ನಾನು ಕೊಟ್ಟ ಭರವಸೆ ಅಲ್ಲಿಗೆ ಮುಗಿಯಿತು.

ಆಯಿತು, ಹಿಡಿಯೋಣವೆಂದರೆ ಅದೂ ಆಗಲಿಲ್ಲ. ನಗರಸಭೆಯ ವ್ಯಾನು ನಿಮಗೆ ಗೊತ್ತಿದೆ. ಅದರ ಹಾರ್ನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುತ್ತದೆ. ವ್ಯಾನು ತಿರುವಿನಲ್ಲಿರುವಾಗಲೇ ನಮ್ಮ ಬೀದಿ ಖಾಲಿ. ಬಲೆ ಹಿಡಿದು ಓಡಿ ಓಡಿ ಸುಸ್ತಾದ ಸಿಬ್ಬಂದಿ ಬೇಕರಿ ಮುಂದೆ ಟೀ ಕುಡಿದು ಹೊರಟರೆ, ಇವರು ಹೊರಡುವುದನ್ನೇ ಕಾದಿದ್ದವರ ಹಾಗೆ ಎಲ್ಲವೂ ಮತ್ತೆ ಹಾಜರ್. ಅಂಥ ದಿನಗಳಲ್ಲೇ ಮರಗೆಲಸದವರ ಮಗಳ ಕಾಲಿಗೆ ನಾಯಿ ಕಚ್ಚಿದ್ದು. ಅದು ನಗುವ ವಿಷಯವಾಗಿರಲಿಲ್ಲ. ಮಗುವಿಗೆ ಗುಣವಾಯಿತು, ಆದರೆ ಆಸ್ಪತ್ರೆಯಲ್ಲಿ ಆ ತಾಯಿಯ ಮುಖ ನೋಡಲು ನನಗೆ ಆಗಲಿಲ್ಲ.

ಆಮೇಲೆ ವಾರ್ಡ್ ಸಭೆ ಕರೆದೆ. ಎಲ್ಲರೂ ಕೂಗಾಡಿದಿರಿ, ನ್ಯಾಯವೇ. ಆಗ ಮೊದಲ ಸಾಲಿನಿಂದ ಅತ್ತೆ ಎದ್ದರು. ಬೆಳಿಗ್ಗೆ ತಾನೇ ನನಗೆ ಕಾಫಿ ಕೊಟ್ಟು, ಸೀರೆಯ ನೆರಿಗೆ ಸರಿಮಾಡಿ ಕಳಿಸಿದವರು, “ಮಾನ್ಯ ಸದಸ್ಯರೇ” ಎಂದು ಶುರುಮಾಡಿದರು. “ನಾಯಿಗಳು ವ್ಯಾನಿಗೆ ಯಾಕೆ ಹತ್ತೋದಿಲ್ಲ ಅಂತ ಮಾನ್ಯ ಸದಸ್ಯರು ಒಂದು ದಿನವಾದ್ರೂ ಬೀದೀಲಿ ನಿಂತು ನೋಡಿದಾರಾ? ನಮ್ಮ ಬೀದೀಲಿ ಪ್ರಾಣಿಗಳಿಗೆ ನೀರಿನ ತೊಟ್ಟಿ ಕೇಳಿದ್ದೆ, ಅದು ಯಾವಾಗ ಬರುತ್ತೆ ಅಂತ ಮಾನ್ಯ ಸದಸ್ಯರು ಹೇಳ್ತಾರಾ?” ಸಭೆಯೆಲ್ಲ ಚಪ್ಪಾಳೆ. ಯಜಮಾನರು ಹಿಂದಿನ ಸಾಲಿನಲ್ಲಿ ಕನ್ನಡಕ ಒರೆಸುತ್ತಿದ್ದರು. ನನಗೆ ಅಳು ಬಂತು. ಹೊರಗಿನವರು ಅಂದರೆ ಸಹಿಸಬಹುದು, ಮನೆಯವರೇ ಹತ್ತು ಜನರ ಮುಂದೆ ಅಂದರೆ?

ಮನೆಗೆ ಹೋಗಿ ಕೋಣೆ ಸೇರಿಕೊಂಡೆ. ಅತ್ತೆ ಬಾಗಿಲು ತಟ್ಟಿ, “ಊಟಕ್ಕೆ ಬಾಮ್ಮಾ. ಅದು ಸಭೆ, ಇದು ಮನೆ. ಅಲ್ಲಿಂದು ಇಲ್ಲಿಗೆ ತರಬೇಡ” ಎಂದರು. ನಾನು ಸಿಟ್ಟಿನಲ್ಲಿ, “ಅಷ್ಟು ಗೊತ್ತಿದ್ರೆ ಅವನ್ನ ವ್ಯಾನಿಗೆ ನೀವೇ ಹತ್ತಿಸಿ ಅತ್ತೆ” ಎಂದೆ. “ನೀನು ಅದನ್ನೇ ಕೇಳ್ಲಿ ಅಂತ ಕಾಯ್ತಿದ್ದೆ” ಎಂದು ಅವರು ಬಡಿಸಲು ಹೋದರು.

ಆಮೇಲಿನದನ್ನು ನೀವೆಲ್ಲ ನಿಮ್ಮ ಕಿಟಕಿಗಳಿಂದ ನೋಡಿದ್ದೀರಿ. ಬಲೆ ಬೇಡ, ಓಟ ಬೇಡ ಎಂದರು ಅತ್ತೆ. ವ್ಯಾನನ್ನು ತಂದು ನಮ್ಮ ಮನೆ ಮುಂದೆ ಬಾಗಿಲು ತೆರೆದು ನಿಲ್ಲಿಸಿದರು, ಎಂಜಿನ್ ಬಂದ್. ದಿನಾ ಬ್ರೆಡ್ಡನ್ನು ಮೊದಲು ಚಕ್ರದ ಹತ್ತಿರ ಹಾಕಿದರು, ಆಮೇಲೆ ಮೆಟ್ಟಿಲ ಮೇಲೆ, ಆಮೇಲೆ ಒಳಗೆ. ಪಾಸು ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕದ ಜಾಗ ಹಿಡಿಯಿತು. ಅದು ಹತ್ತಿದ್ದು ನೋಡಿ ಮಿಕ್ಕವೂ ಹತ್ತಿದವು. ಅತ್ತೆಗೆ ಹಳೆಯ ಕೆಲಸ ಮೈಮೇಲೆ ಬಂತು. “ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ, ಹಿಂದೆ ಜಾಗ ಖಾಲಿ ಇದೆ” ಎನ್ನುತ್ತಿದ್ದರು. ನಾಯಿಗಳು ಹೋಗುತ್ತಿದ್ದವು. ಮನುಷ್ಯರು ಆ ಮಾತು ಕೇಳಿದ್ದನ್ನು ನಾನು ಬಸ್ಸಿನಲ್ಲಿ ಕಂಡಿಲ್ಲ.

ಇನ್ನು ಆಪರೇಷನ್ ಮುಗಿಸಿ ವಾಪಸ್ ತಂದ ದಿನ. ಹಿಡಿದಲ್ಲೇ ಬಿಡಬೇಕಲ್ಲ? ನೀವೆಲ್ಲ ಜಗಳಕ್ಕೆ ಸಿದ್ಧರಾಗಿ ಗೇಟುಗಳಲ್ಲಿ ನಿಂತಿದ್ದಿರಿ. ವ್ಯಾನು ಬಂತು. ಬಾಗಿಲಲ್ಲಿ ಅತ್ತೆ, ಬಾಯಲ್ಲಿ ಹಳೆಯ ಸೀಟಿ. “ಬೇಕರಿ ಸ್ಟಾಪ್, ಬೇಕರಿ ಸ್ಟಾಪ್, ಇಳಿಯೋರು ಇಳ್ಕೊಳ್ಳಿ.” ಬೇಕರಿಯ ಕಂದು ಬಣ್ಣದ್ದು ಇಳಿಯಿತು. ಅದರ ಹಿಂದೆಯೇ ಇನ್ನೊಂದು ಇಳಿಯಲು ನೋಡಿದರೆ, “ಏ, ನಿಂದು ಶಾಲೆ ಸ್ಟಾಪು, ಸುಮ್ನೆ ಕೂತ್ಕೋ.” ಕೂತುಕೊಂಡಿತು. ಸೀಟಿ ಊದಿ, ವ್ಯಾನಿನ ಪಕ್ಕೆಗೆ ಎರಡು ಬಡಿದು, “ರೈಟ್ ರೈಟ್.” ಜಗಳಕ್ಕೆ ಬಂದಿದ್ದ ನೀವು ಹೊಟ್ಟೆ ಹಿಡಿದು ನಗುತ್ತಿದ್ದಿರಿ. ಮರಗೆಲಸದವರು ನಗಲಿಲ್ಲ. ಅತ್ತೆ ಕೆಳಗಿಳಿದು ಅವರ ಮಗಳ ಕೈ ಹಿಡಿದು, ಪಾಸುವಿನ ಕತ್ತರಿಸಿದ ಕಿವಿ ತೋರಿಸಿ, “ಹೀಗಿದ್ರೆ ಸೂಜಿ ಚುಚ್ಚಿಸ್ಕೊಂಡಿದೆ ಅಂತ ಅರ್ಥ ಪುಟ್ಟಿ, ನಿನ್ನ ಹಾಗೇನೇ” ಎಂದರು. ಆ ಮಗು ಇವತ್ತು ಈ ಚಿಕಿತ್ಸಾಲಯದ ರಿಬ್ಬನ್ ಕತ್ತರಿಸಿತು.

ಅಲ್ಲಿಂದೀಚೆಗೆ ನಮ್ಮ ಮನೆಯ ಫೋನು ಬಡಿದುಕೊಂಡರೆ ಯಾರೂ ಸದಸ್ಯರನ್ನು ಕೇಳುವುದಿಲ್ಲ. ಗೂಡಿನಿಂದ ಮರಿ ಬಿದ್ದಿದೆ, ಬೆಕ್ಕು ಚರಂಡಿಯಲ್ಲಿ ಸಿಕ್ಕಿಕೊಂಡಿದೆ, “ಅಮ್ಮ ಇದಾರಾ?” ನಾನು ಫೋನನ್ನು ಅವರ ಕೈಗೆ ಕೊಡುತ್ತೇನೆ.

ಇನ್ನು ನನ್ನ ಉತ್ತರ. ನಾನು ಸೋಲಿಗೆ ಹೆದರಿದ್ದೇನೆ ಎಂದು ನೀವು ಹೇಳಬಹುದು. ಹೆದರಿಕೆ ಇದೆ. ಯಜಮಾನರ ಓಟೇ ನನಗೆ ಗ್ಯಾರಂಟಿಯಿಲ್ಲ. ನೋಡಿ, ಈಗಲೂ ಒರೆಸುತ್ತಿದ್ದಾರೆ. ಈ ಕುರ್ಚಿ ನನಗೆ ಇಷ್ಟವಾಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಬಾಗಿಲ ಮೇಲಿನ ನನ್ನ ಹೆಸರಿನ ಫಲಕವನ್ನು ನಾನೇ ಒರೆಸುತ್ತಿದ್ದೆ. ಬಿಡುವಾಗ ನೋವಾಗುತ್ತದೆ, ಆಗುತ್ತಿದೆ. ಆದರೂ ಅತ್ತೆ, ಎಲ್ಲರ ಮುಂದೆ ಹೇಳುತ್ತೇನೆ: ಈ ಸಲ ನಾನು ನಿಲ್ಲುವುದಿಲ್ಲ. ನೀವು ನಿಲ್ಲುತ್ತೀರಿ, ನಿಮ್ಮ ಹೆಸರನ್ನು ನಾನೇ ಸೂಚಿಸುತ್ತೇನೆ, ನಿಮ್ಮ ಜೊತೆ ಮೆಟ್ಟಿಲು ಹತ್ತುತ್ತೇನೆ. ನನಗೆ ಅಡುಗೆಮನೆಯಲ್ಲಿ ಮಾತು ಕಲಿಸಿದವರು ನೀವು. ಅಳಬೇಡಿ ಅತ್ತೆ, ನೀವು ಅತ್ತರೆ ನಾನೂ ಅಳುತ್ತೇನೆ, ಇನ್ನೂ ವಂದನಾರ್ಪಣೆ ಬಾಕಿ ಇದೆ.

ಅಧ್ಯಕ್ಷರಿಗೆ, ಅತಿಥಿಗಳಿಗೆ, ಡಾಕ್ಟರಿಗೆ, ವ್ಯಾನಿನ ಅಣ್ಣಂದಿರಿಗೆ, ನನ್ನ ಸುಳ್ಳು ಭರವಸೆಯನ್ನು ನಕ್ಕು ಮರೆತ ನಿಮ್ಮೆಲ್ಲರಿಗೆ ಕೃತಜ್ಞತೆಗಳು. ಭಾಷಣ ಬರೆದ ಗುಮಾಸ್ತರಿಗೆ ಕೃತಜ್ಞತೆಯ ಜೊತೆಗೆ ಕ್ಷಮಾಪಣೆಯೂ. ಒಂದು ಷರತ್ತು ಮಾತ್ರ ಇದೆ ಅತ್ತೆ. ಇನ್ನು ಮೇಲೆ ಫ್ಯಾನಿನ ಕೆಳಗಿನ ಆ ಕುರ್ಚಿ ನನ್ನದು. ನೀವು ಗೆದ್ದ ಮೇಲೆ ನನ್ನ ಮೊದಲ ಪ್ರಶ್ನೆ ಏನೆಂದು ಈಗಲೇ ತಿಳಿಸಿಬಿಡುತ್ತೇನೆ, ತಯಾರಾಗಿ ಬನ್ನಿ: ಮಾನ್ಯ ಸದಸ್ಯರೇ, ನಮ್ಮ ಬೀದಿಯ ನೀರಿನ ತೊಟ್ಟಿ ಯಾವಾಗ ಬರುತ್ತದೆ?

ನಮಸ್ಕಾರ.